ಗುಲಾಬಿಯ ಅಂಗೈ

ಮಾಗಿಯ ಚಳಿಗೆ ಜಗಲಿಯಲ್ಲಿ ಹೆಂಗಸರು ಸೆರಗು ಹೊದ್ದು ಬೀಡಿ ಕಟ್ಟುತ್ತಿದ್ದರು. ಗುಲಾಬಿಯ ಅಂಗೈ ಮಾತ್ರ ಬೆವರಿ, ಹಿಡಿದ ಎಲೆಯೆಲ್ಲ ಒದ್ದೆಯಾಗುತ್ತಿತ್ತು.

“ಇದು ಬೀಡಿಯೋ, ಪತ್ರೊಡೆಯೋ?” ಕಂಟ್ರಾಕ್ಟರ್ ಅವಳ ಕಟ್ಟನ್ನು ಹಿಂದಕ್ಕೆ ತಳ್ಳಿದ. “ಕೈ ಗುಣ ಆಗದೆ ಇನ್ನು ಎಲೆ ಕೊಡುದಿಲ್ಲ ಮಾರಾಯ್ತಿ.”

ಚಿಕಿತ್ಸೆಗೆ ಹಣ ಕೇಳಿದರೆ, ಬೆವರು ರೋಗವೇ ಅಲ್ಲವೆಂದು ವಿಮೆ ಕಚೇರಿಯವರು ವರ್ಷವಿಡೀ ಅಲೆಸಿದರು. ಕಡೆಗೊಂದು ದಿನ ಕೌಂಟರಿನ ಹುಡುಗಿಯೇ ಕರೆದಳು.

“ಅಕ್ಕಾ, ನಿಮ್ಮ ಚಿಕಿತ್ಸೆಗೆ ಒಪ್ಪಿಗೆ ಬಂತು. ಇಲ್ಲೊಂದು ಹೆಬ್ಬೆಟ್ಟು ಒತ್ತಿದರೆ ಆಯ್ತು.”

ಗುಲಾಬಿ ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಒರೆಸಿದಳು, ಊದಿದಳು, ಮತ್ತೆ ಒತ್ತಿದಳು. ಮತ್ತೆ ಕೆಂಪು. ಉಳಿದ ಬೆರಳುಗಳದ್ದೂ ಅದೇ ಪಾಡು.

“ಒದ್ದೆ ಬೆರಳನ್ನು ಇದು ಹಿಡಿಯುದಿಲ್ಲಕ್ಕ,” ಹುಡುಗಿ ಮೆಲ್ಲಗೆ ಹೇಳಿದಳು. “ಬೆವರು ನಿಂತ ಮೇಲೆ ಬನ್ನಿ.”