ಲಾರಿಯ ಬಿಸಿನೀರು

ಸೀಗೆಕಾಯಿ ವಾಸನೆ ಬಂದರೆ ಈಗಲೂ ನನಗೆ ಅಣ್ಣನ ಲಾರಿ ನೆನಪಾಗುತ್ತದೆ.

ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಅಣ್ಣ ಸಾಹುಕಾರರೊಬ್ಬರ ಹಳೇ ಡೀಸೆಲ್ ಲಾರಿ ಓಡಿಸುತ್ತಿದ್ದ. ಚಳಿಗಾಲದ ಬೆಳಗ್ಗೆ ರೇಡಿಯೇಟರಿಗೆ ಬಿಸಿನೀರು ಹುಯ್ಯದಿದ್ದರೆ ಅದು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ನೀರು ಕಾಯಿಸಿ ತರುವುದು ನನ್ನ ಕೆಲಸ. "ಇನ್ನೊಂದ್ ದಿನ ಲೇಟಾದ್ರೆ ಬೇರೆಯವ್ನ ಕೂರುಸ್ತೀನಿ ಕಣ್ಲಾ" ಎಂದು ಸಾಹುಕಾರರು ಒಂದು ದಿನ ಅಣ್ಣನನ್ನು ಗದರಿದರು.

ಮಾರನೆಯ ದಿನ ನಮ್ಮ ಶಾಲೆಯಲ್ಲಿ ಫೋಟೋ ತೆಗೆಯುವವರಿದ್ದರು. ಸೀಗೆಕಾಯಿ ಹಚ್ಚಿ, ಹಂಡೆಯ ಬಿಸಿನೀರನ್ನೆಲ್ಲ ನನ್ನ ತಲೆಗೆ ಹುಯ್ದುಕೊಂಡೆ. ಕೊಡದಲ್ಲಿ ತಣ್ಣೀರು ಹೊತ್ತೊಯ್ದು ಲಾರಿಗೆ ಹುಯ್ದೆ. ಲಾರಿಯ ಕೆಳಗಿದ್ದ ಅಣ್ಣ ನೋಡಲಿಲ್ಲ.

ಆಮೇಲೆ ಅವನು ಲಾರಿಯ ಮುಂದೆ ನಿಂತು, ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ಅಂಗೈ ಕೆಂಪಾಗುವಂತೆ ತಿರುವಿದ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ಸಾಹುಕಾರರು ಬಂದರು.

"ಬಿಸ್ನೀರ್ ಉಯ್ದಿಲ್ವೇನ್ಲಾ?"

ಅಣ್ಣ ರೇಡಿಯೇಟರ್ ಮೇಲೆ ಕೈಯಿಟ್ಟ. ನನ್ನ ಒದ್ದೆ ಕೂದಲನ್ನೇ ನೋಡಿದ.

"ಮರ್ತ್ಬುಟ್ಟೆ ಸಾ" ಅಂದ.

ಸಾಹುಕಾರರು ಅವನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡು, ನಾಳೆಯಿಂದ ಬರಬೇಡ ಅಂದರು.

ಅಣ್ಣ ನನ್ನನ್ನು ಕರೆದುಕೊಂಡು ಮನೆಗೆ ನಡೆದ. ಮನೆ ಬಾಗಿಲಲ್ಲಿ ಹೆಗಲ ಮೇಲಿನ ಟವಲ್ಲು ಕೊಟ್ಟು, "ತಲೆ ಒರಸ್ಕಳವ್ವ, ಸೀತ ಆಯ್ತದೆ" ಅಂದ. ಟವಲ್ಲಿನಲ್ಲಿ ಡೀಸೆಲ್ ವಾಸನೆಯಿತ್ತು.

ನಾನು ತಲೆ ಒರೆಸಿಕೊಂಡು ಫೋಟೋಗೆ ಹೋದೆ.