ಗಾಜಿನ ಮೇಲೆ ಉರುಳಿಸಿದ ಗುಂಡುಗಳು

ಮೊನ್ನೆ ಅಪ್ಪನ ಹಳೇ ಜರ್ದಾ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಇನ್ನೂ ಮಷೀನ್ ಎಣ್ಣೆಯ ವಾಸನೆ.

ಸವಣೂರಿನ ನಮ್ಮ ಪಡಸಾಲೆಯಲ್ಲಿ ಅಪ್ಪ ಏರ್‌ಗನ್ ರಿಪೇರಿ ಮಾಡುತ್ತಿದ್ದ. ಗೋವಿನಜೋಳಕ್ಕೆ ಬೀಳುವ ಮಂಗಗಳನ್ನು ಬೆದರಿಸಲು ರೈತರು ಇಟ್ಟುಕೊಂಡ ಗನ್ನುಗಳವು. ಸೀಸದ ಗುಂಡುಗಳನ್ನು ಅಪ್ಪ ಒಂದೊಂದಾಗಿ ಗಾಜಿನ ಮೇಲೆ ಉರುಳಿಸಿ ನೋಡುತ್ತಿದ್ದ. ನೆಟ್ಟಗೆ ಉರುಳಿದವು ಮಾತ್ರ ಈ ಡಬ್ಬಿಗೆ. ರಿಪೇರಿಯಾದ ಮೇಲೆ ಹೊಡೆದು ನೋಡಿ, ಗೋಡೆಯ ಸುಣ್ಣದ ಬೊಟ್ಟಿಗೆ ಮೂರು ಗುಂಡೂ ಬಿದ್ದರೆ ಮಾತ್ರ ಗನ್ನು ಗಿರಾಕಿಯ ಕೈಗೆ.

ಒಂದು ಮಧ್ಯಾಹ್ನ ಅಪ್ಪ ಒಳಗೆ ಉಣ್ಣುತ್ತಿದ್ದಾಗ ನಾನು ಡಬ್ಬಿ ಬೀಳಿಸಿದೆ. ಗಾಬರಿಯಲ್ಲಿ ಆರಿಸುವಾಗ ಎಷ್ಟೋ ಗುಂಡು ನನ್ನ ಕಾಲಡಿ ಸಿಕ್ಕಿ ಸೊಟ್ಟಗಾದವು. ಎಲ್ಲವನ್ನೂ ಬಳಿದು ಡಬ್ಬಿಗೆ ತುಂಬಿ, ಏನೂ ಆಗಿಲ್ಲವೆಂಬಂತೆ ಕೂತೆ.

ಆಮೇಲೆ ಹುಲಗೂರಿನ ಗಿರಾಕಿ ಬಂದ. ಅವನ ಗನ್ನಿಗೆ ಅದೇ ಡಬ್ಬಿಯ ಗುಂಡು ಹಾಕಿ ಅವನೆದುರೇ ಅಪ್ಪ ಹೊಡೆದ. ಒಂದು ಬೊಟ್ಟಿಗಿಂತ ಮೇಲೆ, ಒಂದು ಕೆಳಗೆ, ಮೂರನೆಯದು ಕಿಟಕಿಯ ಹತ್ತಿರ.

"ಹಿಂಗ ಹೊಡದ್ರ ಮಂಗ್ಯಾ ಬಂದು ನಿಮ್ಮ ಹೆಗಲ ಮ್ಯಾಲೆ ಕುಂದರತೈತ್ರಿ!" ಗಿರಾಕಿ ನಕ್ಕ.

ಅಪ್ಪ ನಗಲಿಲ್ಲ. ನನ್ನನ್ನು ಕರೆದ. "ನಳಿಗಿ ಮ್ಯಾಲಿನ ಗುರಿ ಹಿಡಿಯೋ ಮುಳ್ಳು ಸೀದಾ ಐತೇನ ನೋಡವಾ. ನಿನ್ನ ಕಣ್ಣು ಚಲೋ ಅದಾವು."

ನೋಡಿದೆ. ಸೀದಾನೇ ಇತ್ತು.

"ಸೀದಾ ಐತಪಾ," ಅಂದೆ. ಅಷ್ಟೇ ಅಂದೆ.

"ಹಂಗಾರ ತಪ್ಪು ನಂದ." ಅಪ್ಪ ಗನ್ನನ್ನು ಗಿರಾಕಿಗೆ ವಾಪಸ್ ಕೊಟ್ಟ. "ನನ್ನ ಕಣ್ಣು ಹೋದ್ವು. ಹುಬ್ಬಳ್ಳ್ಯಾಗ ಯಾರಿಗಾರ ತೋರಸ್ರಿ."

ಮರುದಿನದಿಂದ ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳಿ ಕಳಿಸಿದ. ಪ್ರತಿ ಸಲವೂ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.