ನೀರು ಬಿಡದ ಮೆಷಿನ್ನು

ಸೋಪಿನ ನೀರು ನಿಂತು ಹುಳಿ ವಾಸನೆ ಬಂದರೆ ನನಗೆ ಈಗಲೂ ಮಲ್ಲೇಶ್ವರದ ಮನೆಯ ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಹಟ ಹಿಡಿದು ತರಿಸಿದ್ದ ವಾಷಿಂಗ್ ಮೆಷಿನ್ನು ಹಿಂದಿನ ದಿನದಿಂದ ನೀರು ಹೊರಗೆ ಬಿಡದೆ, ಬಟ್ಟೆ ಹಿಂಡದೆ ನಿಂತುಬಿಟ್ಟಿತ್ತು. ಮರುದಿನ ಪರೀಕ್ಷೆಗೆ ಹಾಕಿಕೊಳ್ಳಬೇಕಿದ್ದ ನನ್ನ ಯೂನಿಫಾರ್ಮೂ ಅದರೊಳಗೇ ಇತ್ತು.

"ಒಗೆಯೋ ಕಲ್ಲು ಯಾವತ್ತಾದ್ರೂ ಕೆಟ್ಟಿದ್ದುಂಟಾ? ವಾಪಸ್ ಕಳಿಸ್ಬಿಡು," ಎಂದರು ಅಜ್ಜಿ, ಅಪ್ಪನ ತಾಯಿ.

"ಮೊದಲು ಏನಾಗಿದೆ ನೋಡ್ತೀನಿ ಅತ್ತೆ," ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡಳು.

ಹಿಂದಿನ ಪೈಪು ಬಿಚ್ಚಿ ಬಾಯಿಂದ ಊದಿದಳು. ಅದು ಸರಿಯಾಗಿತ್ತು. ಆಮೇಲೆ ಕೆಳಗಿನ ಪುಟ್ಟ ಮುಚ್ಚಳ ತಿರುಗಿಸಿ, ಬೂದು ನೀರನ್ನು ತಟ್ಟೆ ತಟ್ಟೆಯಾಗಿ ಹಿಡಿದು ನನ್ನ ಕೈಯಲ್ಲಿ ಚೆಲ್ಲಿಸಿದಳು. ನೀರು ಮುಗಿದ ಮೇಲೆ ಒಳಗೆ ಬೆರಳು ಹಾಕಿ ಕೆದಕಿದಳು. ಉಬ್ಬಿದ ಅಕ್ಕಿಕಾಳುಗಳ ಮುದ್ದೆಯೊಂದು ಹೊರಬಂತು. ಸೋಪಿಗೆ ಅರಿಶಿನ ಕೆಂಪಾಗಿತ್ತು. ಪರೀಕ್ಷೆ ಶುರುವಾದಾಗಿನಿಂದ ಅಜ್ಜಿ ದಿನಾ ಬೆಳಗ್ಗೆ ದೇವರ ಮುಂದಿನ ಅಕ್ಷತೆಯನ್ನು ನನ್ನ ಜೇಬಿಗೆ ಹಾಕಿ ಕಳಿಸುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬೇಡವೆಂದು ತಲೆಯಾಡಿಸಿದಳು. ಮುದ್ದೆಯನ್ನು ಮೋರಿಗೆ ಎಸೆಯದೆ ತುಳಸಿಯ ಬುಡಕ್ಕೆ ಹಾಕಿ ಬಂದು ಗುಂಡಿ ಒತ್ತಿದಳು. ಮೆಷಿನ್ನು ಗಡಗಡನೆ ತಿರುಗಿತು.

"ಏನಿತ್ತೇ ಅದರಲ್ಲಿ?" ಅಜ್ಜಿ ಕೇಳಿದರು.

"ಏನೋ ಸಿಕ್ಕಾಕೊಂಡಿತ್ತು ಅತ್ತೆ."

ಮರುದಿನ ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದ ಅಜ್ಜಿ, ಎಂದಿನಂತೆ ಅಕ್ಷತೆ ಹಿಡಿದು ನನ್ನ ಜೇಬಿನ ತನಕ ಕೈ ತಂದರು. ಒಂದು ಕ್ಷಣ ತಡೆದು, ಅಮ್ಮನ ಕಡೆ ನೋಡದೆ, ಅದನ್ನು ನನ್ನ ತಲೆಯ ಮೇಲೆ ಹಾಕಿದರು.